ಮಣ್ಣೂರಿಗೆ ಹೋಗುವ ತಗಡಿನ ಗಾಡಿ

ಶ್ರಾವಣದ ಗಾಳಿಗೆ ಕಾಗದಗಳು ಹಾರದಿರಲೆಂದು ನನ್ನ ಮೇಜಿನ ಮೇಲೆ ಒಂದು ತಗಡಿನ ಮನೆಯನ್ನು ಇಟ್ಟುಕೊಂಡಿದ್ದೇನೆ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ಬೇವಿನ ಹಲಗೆಯ ತುಂಡೊಂದಕ್ಕೆ ಮೊಳೆ ಹೊಡೆದು ಕೂರಿಸಿರುವುದರಿಂದ ಅದಕ್ಕೂ ಒಂದು ಗೃಹಸ್ಥನ ತೂಕ ಬಂದಿದೆ. ಗೋಡೆಗೆ ಬಳಿದ ಸುಣ್ಣ ಉದುರಿ, ಅದರಡಿಯ ಘಾಸಲೇಟ್ ಎಣ್ಣೆಯ ಡಬ್ಬಿಯ ನೀಲಿ ಬಣ್ಣ ಅಲ್ಲಲ್ಲಿ ಇಣುಕುತ್ತದೆ. ಬಾಗಿಲು ಮಾತ್ರ ಹೊರಕ್ಕೆ ಚಾಚಿಕೊಂಡಿದೆ. ಬರೆಯುವ ಕೈ ಸ್ವಲ್ಪ ಮೈಮರೆತರೂ ಬೆರಳನ್ನು ಗೀರಿಬಿಡುತ್ತದೆ. ಬಂದವರೆಲ್ಲ ‘ಅದನ್ನೊಂದಿಷ್ಟು ಒತ್ತಿ ಮುಚ್ಚಬಾರದೇ’ ಎಂದು ಪುಕ್ಕಟೆ ಸಲಹೆ ಕೊಡುತ್ತಾರೆ. ನಾನು ಹೂಂ ಎನ್ನುತ್ತೇನೆ, ಒತ್ತುವುದಿಲ್ಲ. ನನ್ನ ಹೆಂಡತಿ ಭಾಗಮ್ಮ ಮಾತ್ರ ಆ ಸಲಹೆಯನ್ನು ಒಮ್ಮೆಯೂ ಕೊಟ್ಟವಳಲ್ಲ. ಗೀರಿದ ಬೆರಳಿಗೆ ಅರಿಶಿನ ಹಚ್ಚಿ ತನ್ನ ಕೆಲಸಕ್ಕೆ ಹೋಗುತ್ತಾಳೆ.

ಈ ಮನೆ ಒಂದು ಕಾಲಕ್ಕೆ ರೈಲುದಾರಿಯ ಕೊನೆಯ ಊರಿನಲ್ಲಿತ್ತು. ಆಳಂದದಿಂದ ಹೊರಟು, ಅಫಜಲಪುರದಲ್ಲಿ ನಿಂತು, ಭೀಮಾ ದಂಡೆಯ ಮಣ್ಣೂರನ್ನು ಮುಟ್ಟುವ ರೈಲು. ಅಂಥ ರೈಲು ಯಾವ ರಾಜ್ಯದಲ್ಲಿತ್ತಪ್ಪಾ ಎಂದು ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ: ಅದು ನಮ್ಮ ಪಡಸಾಲೆಯಲ್ಲಿತ್ತು. ಒಟ್ಟು ಉದ್ದ ಹನ್ನೆರಡು ಮೊಳ.

ಎರಡನೆಯ ಮಹಾಯುದ್ಧದ ಕಾಲ, ನಮ್ಮ ಕಡೆ ನಿಜಾಮರ ಆಳಿಕೆ. ನಾನು ಆಳಂದದ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಹೇಳಿಕೊಟ್ಟು ಕನ್ನಡದಲ್ಲಿ ಬೈಯುತ್ತಿದ್ದ ಮಾಸ್ತರ. ಭಾಗಮ್ಮನಿಗೆ ಎರಡು ಸಲ ಬಸಿರು ನಿಂತು ನಿಂತಂತೆಯೇ ಹೋಗಿತ್ತು. ಎರಡನೆಯ ಸಲ ಗುಲ್ಬರ್ಗದ ಡಾಕ್ಟರಬಾಯಿ ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಮ್ಮೆ ನಿಂತರೆ ಏಳು ತಿಂಗಳು ತುಂಬುವವರೆಗೆ ಹಾಸಿಗೆ ಬಿಟ್ಟು ಏಳಬಾರದು, ಬಂಡಿಯನ್ನಂತೂ ಹತ್ತಲೇಬಾರದು ಎಂದು ಹೇಳಿದ್ದಳು. ಮೂರನೆಯ ಸಲ ನಿಂತಿತು. ಹಗ್ಗದ ಮಂಚವನ್ನು ಪಡಸಾಲೆಗೆ ತಂದು ಹಾಕಿದೆವು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಹೆಣ್ಣುಮಗಳು ಆಕೆ. ಅಂಗಾತ ಮಲಗಿ ಮಾಳಿಗೆಯ ತೊಲೆಗಳನ್ನು ಎಣಿಸತೊಡಗಿದಳು. ಮೊದಲ ಹೆರಿಗೆ ತವರಿನಲ್ಲಾಗಬೇಕೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ತಾಯಿಯಿಲ್ಲದ ಆಕೆಯನ್ನು ಎತ್ತಿ ಆಡಿಸಿ ಬೆಳೆಸಿದ ತಂದೆ ಮಣ್ಣೂರಿನಲ್ಲಿ ಕಾಯುತ್ತಿದ್ದರು. ನಡುವೆ ಮಳೆಗಾಲದ ಎರೆಹೊಲದ ದಾರಿ. ಬಂಡಿಯ ಗಾಲಿ ಅಚ್ಚಿನವರೆಗೆ ಹೂತು, ಎತ್ತುಗಳು ಮೊಣಕಾಲೂರುವ ದಾರಿ.

ಒಂದು ದಿನ ತೊಲೆಗಳನ್ನೇ ನೋಡುತ್ತ, “ಮಣ್ಣೂರಿಗಿ ರೈಲ್ ಇದ್ದಿದ್ರ ಎಷ್ಟ ಚಲೋ ಇತ್ತು ನೋಡ್ರಿ. ಹೊಟ್ಟಿಯೊಳಗಿನ ನೀರ ಅಲುಗಾಡಲಾರ್ದಂಗ ಹೋಗ್ತಿದ್ದೆ” ಎಂದಳು. ರೈಲನ್ನು ಆಕೆ ಕಣ್ಣಿಂದ ಕಂಡದ್ದು ಒಂದೇ ಸಲ, ಕಿವಿಯಿಂದ ಕೇಳಿದ್ದೇ ಹೆಚ್ಚು. ಆ ಮಾತು ನನ್ನ ತಲೆಯೊಳಗೆ ಹೊಕ್ಕು ಹೊರಗೆ ಬರಲೇ ಇಲ್ಲ.

ಚಿಮಣಿ ದೀಪ, ಸಂದೂಕದ ಪೆಟ್ಟಿಗೆ ಮಾಡುವ ಖಾಸೀಮಸಾಬನ ಅಂಗಡಿ ನಮ್ಮ ಓಣಿಯ ಬಾಯಿಗೇ ಇತ್ತು. ಯುದ್ಧದಿಂದಾಗಿ ತಗಡು ಸಿಗದೆ ಅವನು ಅರ್ಧ ದಿನ ಕೂತು ಬೀದಿ ನೋಡುತ್ತಿದ್ದ. ನಾನು ನನ್ನ ಚಿತ್ರದ ವಹಿ ಬಿಚ್ಚಿ, ಗುಲ್ಬರ್ಗದ ಸ್ಟೇಷನ್ನಿನಲ್ಲಿ ನಿಂತು ಬರೆದುಕೊಂಡಿದ್ದ ಎಂಜಿನ್ನಿನ ಚಿತ್ರ ತೋರಿಸಿದೆ. ಆತ ಅದನ್ನು ಹಕೀಮನು ನಾಡಿ ನೋಡುವಷ್ಟು ಹೊತ್ತು ನೋಡಿ, “ಇದರಾಗ ಏನದ ಮಾಸ್ತರಸಾಬ್, ಗಾಲಿ ಹಚ್ಚಿದ ಚಾದ ಕಿಟ್ಲಿ” ಎಂದು ತೀರ್ಪು ಕೊಟ್ಟ. ಆಮೇಲೆ ಹಾಳೆಯನ್ನು ತಿರುವಿ ನೋಡಿ ಕೇಳಿದ: “ಆಚೀ ಬಾಜೂಕ ಹ್ಯಾಂಗದರಿ?”

ನನಗೆ ಗೊತ್ತಿರಲಿಲ್ಲ. ಪರೀಕ್ಷೆ, ತರಬೇತಿ ಎಂದು ಏಳೆಂಟು ಸಲ ಗುಲ್ಬರ್ಗಕ್ಕೆ ಹೋದವನು ಪ್ರತಿ ಸಲವೂ ಅದೇ ಕಟ್ಟೆಯ ಮೇಲೆ, ಅದೇ ಕಂಬದ ಕೆಳಗೆ ನಿಂತಿದ್ದೆ. ಎಂಜಿನ್ನಿಗೆ ಇನ್ನೊಂದು ಮಗ್ಗುಲು ಇದ್ದೀತೆಂಬ ಸಂಶಯವೇ ನನಗೆ ಬಂದಿರಲಿಲ್ಲ. ಕೊನೆಗೆ ಈಚೆಯದನ್ನೇ ಆಚೆಗೂ ಮಾಡೋಣವೆಂದು ಇಬ್ಬರೂ ಒಪ್ಪಿದೆವು. ಗೊತ್ತಿಲ್ಲದ್ದನ್ನು ಗೊತ್ತಿರುವುದರ ನಕಲು ಮಾಡಿಬಿಡುವುದು ಮಾಸ್ತರಿಕೆಯಲ್ಲಿ ನಾನು ಕಲಿತ ವಿದ್ಯೆಗಳಲ್ಲೊಂದು.

ಅಲ್ಲಿಂದ ಮುಂದೆ, ಓದುಗ ಮಿತ್ರರೇ, ನಮ್ಮಿಬ್ಬರಿಗೂ ಹುಚ್ಚೇ ಹಿಡಿಯಿತು. ದುಂಡನೆಯ ಸಿಗರೇಟ್ ಡಬ್ಬಿ ಎಂಜಿನ್ನಿನ ಹೊಟ್ಟೆಯಾಯಿತು. ಕೆಟ್ಟುಹೋದ ಕಂದೀಲಿನ ಹಿತ್ತಾಳೆಯ ಮೂತಿ ಹೊಗೆಗೊಳವೆಯಾಯಿತು. ಅದರ ಹಿಂದೆ ಜನ ಕೂರುವ ತಗಡಿನ ಡಬ್ಬಿಯೊಂದನ್ನು ಜೋಡಿಸಿದೆವು. ದರ್ಜಿಯ ಹತ್ತಿರ ಬೇಡಿ ತಂದ ದಾರದ ರೀಲುಗಳನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಗಾಲಿ ಮಾಡಿದೆವು. ಹಳಿಗೆ ಬಿದಿರಿನ ಸೀಳು, ಅದರಡಿಗೆ ಅಡ್ಡಪಟ್ಟಿಯಾಗಿ ಜೋಳದ ದಂಟು. ನೆಲಕ್ಕೆ ನಮ್ಮೂರಿನದೇ ಎರೆಮಣ್ಣನ್ನು ಜರಡಿ ಹಿಡಿದು ಹರಡಿದೆ. ಒಣಗಿದ ಕುಸುಬೆಯ ತಲೆಗಳು ಗಿಡಗಳಾಗಿ ನಿಂತವು. ಭೀಮಾ ಹೊಳೆಗೆ ಏನು ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಖಾಸೀಮಸಾಬ ಮೊಹರಮ್ಮಿನ ತಾಬೂತಿಗೆ ಅಂಟಿಸಿ ಉಳಿದಿದ್ದ ಬೇಗಡೆಯ ಹಾಳೆ ತಂದು ಹಾಸಿದ. ಹೊಳೆ ತಳತಳ ಹೊಳೆಯಿತು. ಎಂಜಿನ್ನಿನ ಕೊಳವೆಯೊಳಗೆ ಕೆಂಡದ ಚೂರಿಟ್ಟು ಲೋಬಾನ ಹಾಕಿದವನೂ ಅವನೇ. ಜಗತ್ತಿನ ಎಲ್ಲ ರೈಲುಗಳೂ ಕಲ್ಲಿದ್ದಿಲಿನ ಹೊಗೆ ಕಾರುತ್ತಿದ್ದಾಗ ನಮ್ಮ ರೈಲು ಮಾತ್ರ ದರ್ಗಾದ ಪರಿಮಳ ಬೀರುತ್ತ ಓಡಿತು.

ಮಣ್ಣೂರನ್ನು ಮಾತ್ರ ನಾನೊಬ್ಬನೇ, ಗುಟ್ಟಾಗಿ, ಹೆಂಡತಿಗೆ ಬೆರಗು ಹುಟ್ಟಿಸಬೇಕೆಂದು ಮಾಡಿದೆ. ಹೊಸ್ತಿಲ ಹತ್ತಿರ ಅದನ್ನು ಜೋಡಿಸಿ ಮೇಲೆ ಹೊದಿಸಿದ್ದ ಬಟ್ಟೆ ತೆಗೆದಾಗ ಭಾಗಮ್ಮ ಮೊಣಕೈ ಊರಿ ನೋಡಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, “ಇದು ಯಾವ ಊರ್ರಿ?” ಎಂದಳು.

ನಾನು ಆಕೆಯ ಊರನ್ನು ಕಣ್ಣು ಬಿಟ್ಟು ನೋಡಿದ್ದು ಮದುವೆಯ ದಿನ. ಹಣೆಗೆ ಬಾಸಿಂಗ ಕಟ್ಟಿ, ಮುಖದ ಮುಂದೆ ಮಲ್ಲಿಗೆಯ ಸರಗಳನ್ನು ಇಳಿಬಿಟ್ಟು ಮೆರವಣಿಗೆ ಮಾಡಿಸಿದ್ದರು. ಆ ಸರಗಳ ಸಂದಿನಿಂದ ಕಂಡಷ್ಟೇ ನನ್ನ ಮಣ್ಣೂರು: ಒಂದು ಬೇವಿನ ಮರ, ಒಂದು ಗೋಡೆಯ ಮೂಲೆ, ಯಾರದೋ ಎತ್ತಿನ ಕೊಂಬು. ಆಮೇಲೆ ಹೋದಾಗಲೆಲ್ಲ ಅಳಿಯತನದ ಠೀವಿಯಲ್ಲಿ ಜಮಖಾನೆಯ ಮೇಲೆ ಕೂತು ಉಂಡು ಬಂದಿದ್ದೆನೇ ಹೊರತು ಓಣಿ ತಿರುಗಿದವನಲ್ಲ. ಹೀಗಾಗಿ ಹೊಳೆಯನ್ನು ಹಿತ್ತಿಲಿಗೆ ಬಿಟ್ಟಿದ್ದೆ, ಬಾವಿಯನ್ನು ಮರೆತೇಬಿಟ್ಟಿದ್ದೆ. ಭಾಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ಮೂರು ತಿಂಗಳಲ್ಲಿ ನಾನು ಕೇಳಿದ ಮೊದಲ ನಗು ಅದು. ಹೊಟ್ಟೆ ಕುಲುಕೀತೆಂದು ಹೆದರಿ, “ಲೇ, ಮೆಲ್ಲಕ ನಗು, ಮೆಲ್ಲಕ!” ಎಂದು ನಾನು ಒದರಿದರೆ ಆಕೆ ಮತ್ತಷ್ಟು ನಕ್ಕಳು.

ಮರುದಿನದಿಂದ ಆಕೆಯೇ ಮೇಸ್ತ್ರಿ. ಮಲಗಿದಲ್ಲಿಂದಲೇ “ಬೇವಿನ ಗಿಡ ಆಚೀಕ ಸರಸ್ರಿ, ಹೊಳಿಗಿ ಇಳಿಯೋ ಪಾವಟಿಗಿ ಇನ್ನಾ ಎರಡು ಬೇಕು” ಎಂದು ಆಜ್ಞೆಗಳು ಬರುತ್ತಿದ್ದವು. ಗಿಡಗಳನ್ನು ಆಕೆಯೇ ಕತ್ತರಿಸಿ ಕೊಟ್ಟಳು. ಬಟ್ಟೆಯ ಚೂರಿನಲ್ಲಿ ಎಮ್ಮೆಗಳನ್ನು ಹೊಲಿದಳು. ಸುದ್ದಿ ಊರಲ್ಲಿ ಹಬ್ಬಿ ಜನ ನೋಡಲು ಬಂದರು. ಹತ್ತಿರದ ಮಟಕಿ ಎಂಬ ಹಳ್ಳಿಯವರೊಬ್ಬರು ತಮ್ಮೂರಿಗೆ ಯಾಕೆ ಸ್ಟೇಷನ್ ಕೊಟ್ಟಿಲ್ಲವೆಂದು ನನ್ನ ಮೇಲೆ ಖರೇನೇ ಸಿಟ್ಟಾದರು. ಖಾಸೀಮಸಾಬನೂ ತನ್ನ ತಂಗಿಯಿರುವ ಜೇವರ್ಗಿಗೆ ಒಂದು ಕವಲು ಹಳಿ ಹಾಕಬೇಕೆಂದು ಹಟ ಹಿಡಿದ; ಜಾಗವಿಲ್ಲವೆಂದರೆ ಅಡುಗೆಮನೆಯನ್ನು ತೋರಿಸಿದ.

ರೈಲು ಓಡುವ ಉಪಾಯ ನನ್ನದು. ಎಂಜಿನ್ನಿನ ಮೂಗಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ಮಂಚದ ಕಾಲಿಗೆ ಕೂರಿಸಿದ ರಾಟೆಗೆ ಸುತ್ತಿದ್ದೆ. ಭಾಗಮ್ಮ ಮಲಗಿದಲ್ಲೇ ರಾಟೆ ತಿರುಗಿಸಿದರೆ ಗಾಡಿ ಮಣ್ಣೂರಿನಿಂದ ಹೊರಟು ಆಳಂದಕ್ಕೆ, ಅಂದರೆ ಮಂಚದ ಬುಡಕ್ಕೆ ಬಂದು ನಿಲ್ಲುತ್ತಿತ್ತು. ಹತ್ತು ಸಲ ಆಡಿಸಿದ ಮೇಲೆ ಆಕೆ ರಾಟೆ ನಿಲ್ಲಿಸಿ ಕೇಳಿದಳು: “ಏನ್ರಿ, ನಿಮ್ಮ ಗಾಡಿ ಗಂಡನ ಮನಿಗಷ್ಟ ಬರ್ತದೇನು? ಹೊಳ್ಳಿ ಹೋಗಂಗಿಲ್ಲೇನು?” ಹೋಗುವಾಗ ಕೈಯಿಂದ ಎತ್ತಿ ಇಟ್ಟರಾಯಿತಲ್ಲ ಎಂದು ನಾನು ನಕ್ಕು ಹಾರಿಸಿದೆ. ಆಕೆ ನಗಲಿಲ್ಲ, ಆ ಸಂಜೆ ರಾಟೆ ಮುಟ್ಟಲೂ ಇಲ್ಲ.

ನಾಗರಪಂಚಮಿ ಬಂತು. ಪಂಚಮಿಗೆ ಹೆಣ್ಣುಮಕ್ಕಳನ್ನು ಕರೆಯಲು ತವರಿನವರು ಬರಲೇಬೇಕು. ಬರಿಗೈಲಿ ಹಿಂದಿರುಗಬೇಕೆಂದು ಗೊತ್ತಿದ್ದರೂ ಭಾಗಮ್ಮನ ತಂದೆ ಶಿವರಾಯ ಮಾವ ಮೂರು ದಿನ ಕೆಸರಿನಲ್ಲಿ ಬಂಡಿ ನೂಕಿಕೊಂಡು ಬಂದರು. ಬಾಗಿಲಲ್ಲಿ ಬಂಡಿಯ ಗೆಜ್ಜೆ ಕೇಳಿದ್ದೇ ತಡ, ಭಾಗಮ್ಮ ಮಂಚದಿಂದ ಕಾಲು ಕೆಳಗಿಟ್ಟುಬಿಟ್ಟಳು. ದಿಂಬಿನ ಕೆಳಗೆ ಸೀರೆಯ ಗಂಟು ಕಟ್ಟಿ ಸಿದ್ಧ ಇಟ್ಟುಕೊಂಡಿದ್ದು ಆಗ ನನಗೆ ಕಂಡಿತು. “ನಾ ಹೋಗಾಕಿನ ನೋಡ್ರಿ. ಸತ್ತರ ಅಲ್ಲೇ ಸಾಯ್ತೇನಿ” ಎಂದಳು. ತಡೆದರೆ ಗಂಡನ ಮನೆಯ ಗೋಡೆಯಾಗುತ್ತೇನೆ, ಬಿಟ್ಟರೆ ಆ ದಾರಿಯಲ್ಲಿ ಮೂರನೆಯದನ್ನೂ ಕಳೆದುಕೊಳ್ಳುತ್ತೇವೆ. ಅಂದು ನಾನು ಅಳುವುದೊಂದು ಬಾಕಿ ಇತ್ತು.

ಮಾವ ಒಳಗೆ ಕಾಲಿಟ್ಟವರು ಮಗಳನ್ನು ನೋಡಿದರು, ಗಂಟನ್ನು ನೋಡಿದರು. ಹೊಸ್ತಿಲ ಬಳಿಯ ತಗಡಿನ ಮಣ್ಣೂರಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಾವಿ ಗುರುತಿಸಿದರು, ಬೇವಿನ ಗಿಡ ಗುರುತಿಸಿದರು. ತಮ್ಮ ಮನೆಯ ಮೇಲೆ ಬೆರಳಾಡಿಸಿ, ನಾನು ಮಸಿಯಿಂದ ಬರೆದಿದ್ದ ಬಾಗಿಲಿಗೆ ಬಂದು ನಿಂತರು.

“ಅಳಿಯಂದ್ರ, ಈ ಬಾಗ್ಲಾ ಯಾಕ ಮುಚ್ಚೀರಿ? ಮಗಳು ಬರೋ ದಿನಾ ನಮ್ಮನ್ಯಾಗ ಬಾಗ್ಲಾ ಮುಚ್ಚಂಗಿಲ್ರಿ.”

ಬಂಡಿಯ ಸದ್ದಿಗೆ ಅಂಗಡಿಯಿಂದ ಎದ್ದು ಬಂದಿದ್ದ ಖಾಸೀಮಸಾಬ ತನ್ನ ತಗಡು ಕತ್ತರಿಯನ್ನು ಅವರ ಕೈಗಿಟ್ಟ. ನೇಗಿಲು ಹಿಡಿದ ಆ ದಪ್ಪ ಬೆರಳುಗಳು ಮಸಿಯ ಗೆರೆಯ ಗುಂಟ ಮೂರು ಕಡೆ ಕತ್ತರಿಸಿ, ಉಗುರಿನಿಂದ ಬಾಗಿಲನ್ನು ಹೊರಕ್ಕೆ ಬಾಗಿಸಿದವು. ಆಮೇಲೆ ಅವರು ತಮ್ಮ ತಲೆಗೆ ಸುತ್ತಿದ್ದ ಪಟಕದ ಅಂಚಿನಿಂದ ಒಂದೊಂದೇ ಎಳೆ ಬಿಚ್ಚಿ, ಹೊಸೆದು, ಗಾಡಿಯ ಹಿಂದಿನ ಡಬ್ಬಿಗೆ ಗಂಟು ಹಾಕಿದರು. ಹನ್ನೆರಡು ಮೊಳ ಆಗುವವರೆಗೆ ಹೊಸೆಯುತ್ತಲೇ ಇದ್ದರು. ಭಾಗಮ್ಮ ನೋಡನೋಡುತ್ತಲೇ ಕಾಲನ್ನು ಮತ್ತೆ ಮಂಚದ ಮೇಲೆ ತೆಗೆದುಕೊಂಡಿದ್ದಳು.

“ರಾಟಿ ಬಿಡು ತಾಯಿ. ಈಗ ನಾ ಜಗ್ತೇನಿ. ಗಾಡ್ಯಾಗ ಕೂತಿ?” ಎಂದರು ಮಾವ, ಹೊಸ್ತಿಲಲ್ಲಿ ದಾರದ ತುದಿ ಹಿಡಿದು.

ಆಕೆ ಕೈಯ ಹಸಿರು ಬಳೆಯೊಂದನ್ನು ಕಳಚಿ, ಮಂಚದ ಬುಡದಲ್ಲಿ ನಿಂತಿದ್ದ ಗಾಡಿಯ ಡಬ್ಬಿಯೊಳಗೆ ಇಟ್ಟು, “ಕೂತೀನಪ್ಪಾ” ಎಂದಳು. ಗಾಡಿ ಮೊದಲ ಬಾರಿಗೆ ಆಳಂದಕ್ಕೆ ಬೆನ್ನು ಹಾಕಿ ಹೊರಟಿತು. ಅಫಜಲಪುರ ದಾಟಿತು, ಬೇಗಡೆಯ ಹೊಳೆಯ ಪಕ್ಕಕ್ಕೆ ಬಂತು. ಬಾಗಿಲ ಮುಂದೆ ನಿಂತಾಗ ಮಾವ ಬಳೆಯನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು, “ಬಂದ್ಯಾ ನಮ್ಮವ್ವಾ? ಕೆಸರಾಗ ಭಾಳ ತ್ರಾಸ ಆತೇನು?” ಎಂದರು. ಭಾಗಮ್ಮ ಗೋಡೆಯ ಕಡೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಹಗುರಾಗಿ, ಅಪ್ಪ ತಂದಿದ್ದ ಎಳ್ಳುಂಡಿ ತಿಂದಳು. ಮರುದಿನ ಬಂಡಿ ಖಾಲಿ ಹೋಯಿತು. ಹೋಗುವಾಗ ಮಾವ ಬಳೆಯನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಂಡಿದ್ದರು.

ಚಳಿಗಾಲದಲ್ಲಿ ಮಗಳು ಹುಟ್ಟಿದಳು, ಓಣಿಗೆಲ್ಲ ಕೇಳುವಂತೆ ಅತ್ತಳು. ಹಳಿಗಳನ್ನು ಇಲಿ ತಿಂದವು, ಎಂಜಿನ್ ಮಗಳ ಕೈಗೆ ಸಿಕ್ಕು ಸ್ವರ್ಗ ಸೇರಿತು, ಮಾವನೂ ಖಾಸೀಮಸಾಬನೂ ಈಗಿಲ್ಲ. ಉಳಿದದ್ದು ಈ ಮನೆ ಒಂದೇ. ಇಷ್ಟು ವರ್ಷ ನಾನು ಅದನ್ನು ನನ್ನ ಕೈಕೆಲಸದ ಹೆಮ್ಮೆಯೆಂದೇ ಇಟ್ಟುಕೊಂಡಿದ್ದೆ. ಎಂಜಿನ್ನಿನ ಆಚೆಯ ಮಗ್ಗುಲನ್ನು ಕಾಣದವನು ಮದುವೆಯ ಆಚೆಯ ಮಗ್ಗುಲನ್ನೂ ಕಂಡಿರಲಿಲ್ಲ ಎಂಬುದು ಹೊಳೆದದ್ದು, ಮಗಳನ್ನು ಜೇವರ್ಗಿಗೆ ಕೊಟ್ಟು ಮನೆಗೆ ಬಂದ ಸಂಜೆ. ಅಂದು ಈ ತಗಡಿನ ಬಾಗಿಲನ್ನು ಬಹಳ ಹೊತ್ತು ನೋಡುತ್ತ ಕೂತಿದ್ದೆ.

ನಾಳೆ ಪಂಚಮಿ. ಇವತ್ತು ಮಧ್ಯಾಹ್ನದ ಬಸ್ಸಿಗೆ ಮಗಳು ಬರುತ್ತಾಳೆ. ಇದನ್ನು ಬರೆಯುತ್ತ ಬರೆಯುತ್ತ ನಾಲ್ಕು ಸಲ ಬಾಗಿಲವರೆಗೆ ಎದ್ದು ಹೋಗಿ ಬಂದಿದ್ದೇನೆ, ಐದನೆಯ ಸಲ ಎದ್ದಾಗ ಅಡುಗೆಮನೆಯಿಂದ ಎಳ್ಳು ಹುರಿಯುವ ವಾಸನೆಯ ಜೊತೆಗೆ ಭಾಗಮ್ಮನ ದನಿ ಬಂತು: “ಬಾಗ್ಲಾ ತೆರದಽ ಅದರಿ. ಎಷ್ಟ ಸಲ ನೋಡ್ತೀರಿ?”

ತೆರೆದೇ ಇತ್ತು. ಗಾಳಿ ಒಳಗೆ ನುಗ್ಗಿ ಕಾಗದಗಳನ್ನು ಹಾರಿಸಲು ನೋಡುತ್ತಿತ್ತು. ತಗಡಿನ ಮನೆಯನ್ನು ಅವುಗಳ ಮೇಲೆ ಇಡುವಾಗ ಬೆರಳು ಮತ್ತೆ ಗೀರಿತು. ನಾನು ಕುರ್ಚಿಯನ್ನು ಎತ್ತಿಕೊಂಡು ಹೋಗಿ ಹೊಸ್ತಿಲ ಹತ್ತಿರ ಹಾಕಿ ಕೂತೆ.