ಅಸ್ಕರನ ಅಂಗಡಿಯ ಮಾನಿಟರು

ಆಲಂಕಾರು ಪೇಟೆಯಲ್ಲಿ ಅರ್ಜಿ ತುಂಬಿಸುವ, ಝೆರಾಕ್ಸ್ ತೆಗೆಯುವ ಅಂಗಡಿ ಇಟ್ಟಿರುವ ಅಸ್ಕರ್ ಕೆಟ್ಟ ಮನುಷ್ಯನಲ್ಲ. ಆದರೆ ತನ್ನ ಅಂಗಡಿಯ ವಸ್ತುವಿಗೆ ಇನ್ನೊಬ್ಬರು ಕೈ ಹಾಕಿದರೆ ಅವನಿಗೆ ಆಗದು. ಫ್ಯಾನು, ಪ್ರಿಂಟರು, ಬಾಗಿಲಿನ ಬೀಗ ಎಲ್ಲವನ್ನೂ ತಾನೇ ಬಿಚ್ಚಬೇಕು, ತಾನೇ ಜೋಡಿಸಬೇಕು. ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿದರೆ ಅವು ಕಂಪೆನಿಯವರು ಸುಮ್ಮನೆ ಹಾಕಿದ್ದು ಎನ್ನುವ ಆಸಾಮಿ.

ಅಲ್ಲಿ ಹನ್ನೊಂದು ವರ್ಷ ಟೈಪಿಂಗಿಗೆ ಕುಳಿತವಳು ಮೋಹಿನಿ. ಕನ್ನಡಕ ಬಂದ ಮೇಲೆ ಅವಳಿಗೆ ಮಾನಿಟರು ಎತ್ತರವಾಯಿತು. ಓದುವ ಗಾಜು ಕೆಳಭಾಗದಲ್ಲಿದ್ದುದರಿಂದ ದಿನವಿಡೀ ಗಲ್ಲ ಎತ್ತಿಕೊಂಡೇ ಕೂರಬೇಕು. ಕುರ್ಚಿ ಏರಿಸಿದರೆ ಕಾಲು ನೆಲಕ್ಕೆ ಎಟುಕದು. ಕುತ್ತಿಗೆ ನೋಯತೊಡಗಿತು.

“ಅಸ್ಕರಾಕ, ಇದನ್ನೊಂದು ಸ್ವಲ್ಪ ಕೆಳಗೆ ಮಾಡಿ ಕೊಡಿ ಮಾರಾಯ್ರೆ.”

ಅಸ್ಕರ್ ಅಂದೇ ಪುತ್ತೂರಿಗೆ ಹೋಗಿ ಮಾನಿಟರು ಕೂರಿಸುವ ಬ್ರ್ಯಾಕೆಟ್ ತಂದ, ಗೋಡೆಗೆ ಬಿಗಿದೂ ಬಿಗಿದ. ಆದರೆ ಮಾನಿಟರಿನ ಸ್ಟ್ಯಾಂಡ್ ಕಳಚಬೇಕಲ್ಲ! ಕಾಣುವ ಸ್ಕ್ರೂ ತೆಗೆದ, ಎಳೆದ, ತಿರುಗಿಸಿದ, ತೆಂಗಿನೆಣ್ಣೆ ಬಿಟ್ಟ. ಜಪ್ಪಯ್ಯ ಅಂದರೂ ಅದು ಅಲ್ಲಾಡಲಿಲ್ಲ.

“ಕಡಬದ ರೂಪೇಶನನ್ನು ಕರೀಬಹುದಲ್ಲ? ಕಂಪ್ಯೂಟರ್ ರಿಪೇರಿ ಅವನದ್ದೇ ಕೆಲಸ,” ಎಂದಳು ಮೋಹಿನಿ.

“ಅವನಿಗೆ ಎಂತ ಗೊತ್ತುಂಟು? ಇದು ಮಳೆಗೆ ತುಕ್ಕು ಹಿಡಿದದ್ದು. ಆದಿತ್ಯವಾರ ನಾನೇ ಮಾಡ್ತೇನೆ.”

ಆದಿತ್ಯವಾರಗಳು ಬಂದವು, ಹೋದವು. ಮೋಹಿನಿ ತಿಂಗಳಿಗೊಮ್ಮೆ ನೆನಪಿಸುತ್ತಿದ್ದಳು, ಆಮೇಲೆ ಅದನ್ನೂ ಬಿಟ್ಟಳು. ಎರಡು ವರ್ಷ ಕಳೆದು ಕೈಯೂ ಜೋಮು ಹಿಡಿಯತೊಡಗಿದಾಗ, ಈ ಕೆಲಸ ಇನ್ನು ಸಾಕು ಎಂದು ಡಾಕ್ಟರು ಹೇಳಿದರು. ಅವಳು ಅಂಗಡಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಹೋದಳು.

ಮೊನ್ನೆ ಪ್ರಿಂಟರು ಪೂರ್ತಿ ಕೈಕೊಟ್ಟಿತು. ಬೇರೆ ದಾರಿಯಿಲ್ಲದೆ ಅಸ್ಕರ್ ರೂಪೇಶನನ್ನು ಕರೆಸಿದ. ಗೋಡೆಯ ಖಾಲಿ ಬ್ರ್ಯಾಕೆಟ್ ಕಂಡ ರೂಪೇಶ ಸಂಗತಿ ಕೇಳಿ, ಮಾನಿಟರನ್ನು ತಿರುಗಿಸಿ ನೋಡಿದ. ವಯರುಗಳು ಚಂದ ಕಾಣಲಿ ಎಂದು ಅಸ್ಕರನೇ ಸ್ಟ್ಯಾಂಡಿಗೆ ಸೇರಿಸಿ ಸುತ್ತಿದ್ದ ಕಪ್ಪು ಟೇಪನ್ನು ಕತ್ತರಿಸಿದ. ಅದರಡಿಯಲ್ಲಿ ಒಂದು ಗುಂಡಿ. ಹೆಬ್ಬೆರಳಿನಿಂದ ಒತ್ತಿದ, ಸ್ಟ್ಯಾಂಡ್ ಕೈಗೆ ಬಂತು.

ಅಸ್ಕರನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಜಂಬ ತನ್ನದು, ನೋವು ತಿಂದವಳು ಅವಳು. ಸಂಜೆಯೇ ಅವಳ ಮನೆಗೆ ಹೋದ.

“ಮೋಹಿನಿ, ಆ ಸ್ಟ್ಯಾಂಡ್ ಕಳಚಿ ಬಂತು. ಸ್ಕ್ರೀನ್ ಈಗ ಕೆಳಗೆ ಉಂಟು. ದಿನಕ್ಕೆ ಒಂದು ಗಂಟೆ ಆದ್ರೂ ಬಾ.”

ಚಾ ತಂದಿಟ್ಟ ಅವಳು ಪಕ್ಕದ ಕುರ್ಚಿಯಲ್ಲಿ ಕೂತ ಅವನನ್ನು ನೋಡಲು ಇಡೀ ಮೈಯನ್ನೇ ತಿರುಗಿಸಿದಳು. ಕುತ್ತಿಗೆ ತಿರುಗುತ್ತಿರಲಿಲ್ಲ.

“ಇನ್ನು ಆಗುದಿಲ್ಲ ಅಸ್ಕರಾಕ. ಅದನ್ನು ತೆಗೀಲಿಕ್ಕೆ ಎಷ್ಟು ಹೊತ್ತು ಬೇಕಾಯ್ತು?”

ಒಂದು ಗಂಟೆ ಎಂಬ ಸುಳ್ಳು ನಾಲಗೆಯ ತುದಿಯವರೆಗೆ ಬಂದಿತ್ತು. ಹೇಳಲಾಗಲಿಲ್ಲ.

“ಎರಡು ನಿಮಿಷ.”

“ಆವತ್ತು ನಾನೂ ಅಷ್ಟೇ ಕೇಳಿದ್ದು,” ಎಂದಳು ಮೋಹಿನಿ. “ಚಾ ಕುಡೀರಿ, ತಣೀತದೆ.”