ಸಕ್ಕರೆ ಹಾಕೋದೇ ಬೇಡ

ಹದಿನಾಲ್ಕು ವರ್ಷ ದುಡಿದ ಗಾರ್ಮೆಂಟ್ಸ್ ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ನನಗೆ ಸಿಕ್ಕ ಕೆಲಸ ಜನರಿಗೆ ಟೀ ರುಚಿ ತೋರಿಸುವುದು. ಗಂಗಾನಗರದ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ, ಬಿಸ್ಕತ್ತಿನ ಕಪಾಟು ಮುಗಿದು ಎಣ್ಣೆಯ ಕಪಾಟು ಶುರುವಾಗುವ ಮೂಲೆಯಲ್ಲಿ ನನಗೊಂದು ಸಣ್ಣ ಮೇಜು ಕೊಟ್ಟಿದ್ದರು. ಅದರ ಮೇಲೆ ಕರೆಂಟಿನ ಕೆಟಲ್, ಎರಡು ಗುಟುಕು ಹಿಡಿಯುವ ಕಾಗದದ ಲೋಟಗಳು, ಐದು ಬಣ್ಣದ ಐದು ಡಬ್ಬ. ಮಸಾಲೆ, ಶುಂಠಿ, ಏಲಕ್ಕಿ, ಕೇಸರಿ, ನಿಂಬೆಹುಲ್ಲು. ಟೀ ಬ್ಯಾಗಿನೊಳಗೆ ಟೀ ಪುಡಿಯ ಜೊತೆ ಸಕ್ಕರೆಯನ್ನೂ ಬೆರೆಸಿಯೇ ಮುಚ್ಚಿರುತ್ತಿದ್ದರು. ಬಿಸಿನೀರಿನಲ್ಲಿ ಮೂರು ನಿಮಿಷ ಇಳಿಬಿಟ್ಟರೆ ಸಾಕು, ಟೀ ಸಿದ್ಧ.

ಕೆಲಸಕ್ಕೆ ಹಚ್ಚುವ ಮೊದಲು ಯಶವಂತಪುರದಲ್ಲಿ ಕಂಪನಿಯವರು ಎರಡು ದಿನ ತರಬೇತಿ ಕೊಟ್ಟರು. ನನ್ನಂಥ ಹತ್ತು ಹನ್ನೆರಡು ಹೆಂಗಸರು. ಐದೂ ಟೀಯನ್ನು ನಮಗೇ ಮೊದಲು ಕುಡಿಸಿದರು. ಶುಂಠಿ ಟೀ ಗಂಟಲಿಗೆ ತಾಕಲಿಲ್ಲ. ನಿಂಬೆಹುಲ್ಲಿನದು ನೆಲ ಒರೆಸುವ ನೀರಿನ ವಾಸನೆ ಹೊಡೆಯಿತು. ಕೇಸರಿಯದರಲ್ಲಿ ಬಣ್ಣ ಬಿಟ್ಟರೆ ನನಗೇನೂ ಸಿಗಲಿಲ್ಲ. ಏಲಕ್ಕಿಯದು ಮಾತ್ರ ಪರವಾಗಿಲ್ಲ ಅನ್ನಿಸಿತು. ಆದರೆ ಯಾವುದನ್ನು ಬಾಯಿಗಿಟ್ಟರೂ ನಾಲಿಗೆಗೆ ಮೊದಲು ಮೆತ್ತಿಕೊಳ್ಳುತ್ತಿದ್ದದ್ದು ಸಿಹಿಯೇ. ಬಾಗಲಗುಂಟೆಯ ನಮ್ಮ ಮನೆಯಲ್ಲಿ ಟೀ ಪುಡಿ ಕಪ್ಪಾಗುವವರೆಗೆ ಕುದಿಸಿ, ಸಕ್ಕರೆಯನ್ನು ಶಾಸ್ತ್ರಕ್ಕೆ ಹಾಕಿ ಕುಡಿಯುವುದು ರೂಢಿ. ನಮ್ಮಪ್ಪ ಸಕ್ಕರೆ ಕಾಯಿಲೆಯಲ್ಲೇ ಹೋದವರು. ಬಲಗಾಲಿನ ಹೆಬ್ಬೆರಳಿನ ಒಂದು ಗಾಯ ವಾಸಿಯಾಗದೆ ಮೊಣಕಾಲಿನವರೆಗೆ ಕತ್ತರಿಸಬೇಕಾಗಿ ಬಂತು. ಆಮೇಲೆ ನಮ್ಮ ಮನೆಯಲ್ಲಿ ಸಿಹಿ ಅಂದರೆ ಎಲ್ಲರಿಗೂ ಒಂದು ಹೆದರಿಕೆ.

ಎರಡನೆಯ ದಿನ ತರಬೇತಿ ಕೊಡುವಾಕೆ ನಮಗೆಲ್ಲ ಒಂದು ಮಾತು ಬಾಯಿಪಾಠ ಮಾಡಿಸಿದರು. "‘ಇದರಲ್ಲಿ ಸಕ್ಕರೆ ಇದೆ’ ಅಂತ ನೀವಾಗೇ ಹೇಳೋಕೆ ಹೋಗ್ಬೇಡಿ. ‘ಸಕ್ಕರೆ ಹಾಕೋದೇ ಬೇಡ’ ಅನ್ನಿ. ಎರಡೂ ನಿಜಾನೇ ಅಲ್ವಾ? ಆದ್ರೆ ಮೊದಲನೇದು ಕೇಳಿದ್ರೆ ಈಗಿನ ಜನ ಓಡಿಹೋಗ್ತಾರೆ."

ಎಲ್ಲರೂ ನಕ್ಕೆವು. ನಾನೂ ನಕ್ಕೆ.

ಸೂಪರ್ ಮಾರ್ಕೆಟ್ಟಿನಲ್ಲಿ ನಿಲ್ಲುವುದು ಹೊಲಿಗೆ ಮೆಷಿನ್ನಿನ ಮುಂದೆ ಕೂರುವುದಕ್ಕಿಂತ ಸುಲಭ ಅಂದುಕೊಂಡಿದ್ದೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಕೂರುವಂತಿಲ್ಲ. ತಲೆಗೆ ಹಸಿರು ಟೋಪಿ, ಸೀರೆಯ ಮೇಲೆ ಹಸಿರು ಏಪ್ರನ್. ಬಂದವರಲ್ಲಿ ಹೆಚ್ಚಿನವರು ನನ್ನ ಮುಖ ನೋಡದೆ ಕೈ ಅಡ್ಡ ಆಡಿಸಿ ಹೋಗುತ್ತಿದ್ದರು. ಕೆಲವರು ಕುಡಿದು ಲೋಟವನ್ನು ಮೇಜಿನ ಮೇಲೆ ಇಟ್ಟು, ಫೋನಿನಲ್ಲಿ ಮಾತಾಡುತ್ತಲೇ ಮುಂದೆ ನಡೆಯುತ್ತಿದ್ದರು. "ಸಕ್ಕರೆ ಹಾಕೋದೇ ಬೇಡ ಮೇಡಂ, ಬಿಸಿನೀರು ಸಾಕು" ಅಂತ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದೆನೋ. ಮನೆಯಲ್ಲಿ ಅನ್ನ ಬಡಿಸುವಾಗಲೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ನಾನು ಸೇರಿದ ಎರಡನೆಯ ವಾರ ಒಬ್ಬ ಮುದುಕರು ಬಂದರು. ಹನ್ನೊಂದು ಗಂಟೆಯ ಹೊತ್ತು, ಅಂಗಡಿ ಖಾಲಿ. ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಕೊಡೆ. ಎಪ್ಪತ್ತೈದು ದಾಟಿರಬೇಕು. ಮೇಜಿನ ಮುಂದೆ ನಿಂತು, "ಏನಮ್ಮಾ ಇದು?" ಅಂದರು. ಹೇಳಿದೆ.

"ಸಕ್ಕರೆ ಹಾಕಿದೀಯಾ?"

"ಹಾಕೋದೇ ಬೇಡ ಸಾರ್."

"ಹಾಗಾದ್ರೆ ಕೊಡು."

ಏಲಕ್ಕಿಯದು ಕೊಟ್ಟೆ. ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಬಾಯಿಯೊಳಗೇ ಅದನ್ನು ಸ್ವಲ್ಪ ಹೊತ್ತು ಇಟ್ಟುಕೊಂಡು ಆಮೇಲೆ ನುಂಗಿದರು. ಟೀಯನ್ನು ಯಾರಾದರೂ ಅಷ್ಟು ಗಮನ ಕೊಟ್ಟು ಕುಡಿದದ್ದನ್ನು ನಾನು ಅಲ್ಲಿ ಕಂಡದ್ದು ಅದೇ ಮೊದಲು. "ಇನ್ನೊಂದು ಸಿಗುತ್ತಾ ತಾಯಿ?" ಅಂದರು. ಶುಂಠಿಯದು ಕೊಟ್ಟೆ. ಮಸಾಲೆಯದೂ ಕೊಟ್ಟೆ.

ಮರುದಿನವೂ ಅದೇ ಹೊತ್ತಿಗೆ ಬಂದರು. ಅದರ ಮರುದಿನವೂ. ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಹೆಂಡತಿ ಹೋದ ಮೇಲೆ ಮಗಳ ಮನೆಯಲ್ಲಿದ್ದರು, ಎರಡು ರಸ್ತೆ ಆಚೆ. ದಿನಕ್ಕೊಂದು ವಾಕಿಂಗ್ ಬಿಟ್ಟರೆ ಬೇರೆ ಕೆಲಸವಿಲ್ಲ. "ಮಗಳು ಚಿನ್ನದಂಥೋಳು ಕಣಮ್ಮಾ, ಆದ್ರೆ ಮನೇಲಿ ಟೀ ಅಂತ ಕೊಡೋದು ಕಷಾಯ" ಅನ್ನುತ್ತಿದ್ದರು. ನನ್ನ ಊರು ಕೇಳಿದರು, ನನ್ನ ಮಗಳ ಓದು ಕೇಳಿದರು. ಡಬ್ಬದ ಮೇಲಿನ ಇಂಗ್ಲಿಷನ್ನು ನಾನು ತಪ್ಪು ತಪ್ಪಾಗಿ ಹೇಳುವುದನ್ನು ಕೇಳಿ ಒಂದು ದಿನ ಡಬ್ಬ ಕೈಗೆತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿ ನನಗೆ ಉಚ್ಚಾರ ಹೇಳಿಕೊಟ್ಟರು. ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಮಾತ್ರ ಗಟ್ಟಿಯಾಗಿ ಓದಲಿಲ್ಲ. ತುಟಿ ಅಲ್ಲಾಡಿಸುತ್ತಾ ತಮ್ಮಷ್ಟಕ್ಕೆ ಓದಿಕೊಂಡು, ಡಬ್ಬವನ್ನು ಸಾಲಿನಲ್ಲಿ ನೇರವಾಗಿ ಇಟ್ಟರು.

ಇನ್ನೊಂದು ದಿನ, "ಬಂದಾಗಿಂದ ನೋಡ್ತಿದೀನಿ, ನಿಂತೇ ಇರ್ತೀಯಲ್ಲ, ಕಾಲು ನೋಯಲ್ವಾ?" ಅಂದರು. ಕೂರೋ ಹಾಗಿಲ್ಲ ಸಾರ್ ಅಂದೆ. ಅವರು ಸೀದಾ ಮ್ಯಾನೇಜರ್ ಹತ್ತಿರ ಹೋದರು. ಏನು ಹೇಳಿದರೋ ಗೊತ್ತಿಲ್ಲ. ಹಳೆಯ ಸೂಪರಿಂಟೆಂಡೆಂಟ್ ದನಿ ಎಣ್ಣೆಯ ಕಪಾಟಿನವರೆಗೂ ಕೇಳುತ್ತಿತ್ತು. ಅರ್ಧ ಗಂಟೆಯಲ್ಲಿ ನನಗೊಂದು ಕೆಂಪು ಪ್ಲಾಸ್ಟಿಕ್ ಸ್ಟೂಲ್ ಬಂತು. ಹದಿನಾಲ್ಕು ವರ್ಷ ಫ್ಯಾಕ್ಟರಿಯಲ್ಲಿ ದುಡಿದರೂ ನನ್ನ ಪರವಾಗಿ ಒಬ್ಬರೂ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಆ ದಿನ ಅವರಿಗೆ ನಾಲ್ಕು ಲೋಟ ಕೊಟ್ಟೆ.

ಅದಾದ ಒಂದೆರಡು ದಿನಕ್ಕೆ ಅವರ ಚಪ್ಪಲಿ ನನ್ನ ಕಣ್ಣಿಗೆ ಬಿತ್ತು. ಕಪ್ಪು ಚಪ್ಪಲಿ, ದಪ್ಪನೆಯ ಮೆತ್ತನೆಯ ಅಟ್ಟೆ, ಹಿಮ್ಮಡಿಗೆ ಪಟ್ಟಿ. ಸಕ್ಕರೆ ಕಾಯಿಲೆಯವರಿಗೆ ಅಂತಲೇ ಮಾಡುವ ಅಂಥ ಚಪ್ಪಲಿಯನ್ನು ನಮ್ಮಪ್ಪನಿಗೆ ತಂದುಕೊಟ್ಟವಳು ನಾನೇ. ಕೈಯಲ್ಲಿದ್ದ ಕೆಟಲನ್ನು ಕೆಳಗಿಟ್ಟೆ.

"ಸಾರ್, ನಿಮಗೆ ಶುಗರ್ ಏನಾದ್ರೂ ಇದ್ಯಾ?"

ಅವರು ನನ್ನ ಕಣ್ಣು ಹೋದ ಕಡೆ ನೋಡಿದರು. ಕಾಲನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡರು. "ನಂಗಾ? ಏನೂ ಇಲ್ಲಮ್ಮ. ಹಿಮ್ಮಡಿ ನೋವು ಅಂತ ಹಾಕ್ಕೊಂಡಿದೀನಿ. ಗಟ್ಟಿಮುಟ್ಟಾಗಿದೀನಿ ನೋಡು."

ಆಗ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಇದರೊಳಗೆ ಸಕ್ಕರೆ ಇದೆ ಸಾರ್, ಅಷ್ಟೇ. ನಾಲಿಗೆಯ ತುದಿಗೂ ಬಂದಿತ್ತು. ಮ್ಯಾನೇಜರ್ ಪಕ್ಕದಲ್ಲೇ ಎಣ್ಣೆ ಡಬ್ಬ ಜೋಡಿಸುತ್ತಿದ್ದ, ಅದಕ್ಕೇ ಹೇಳಲಿಲ್ಲ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಮ್ಯಾನೇಜರ್ ಆಚೆ ಹೋದ ಮೇಲೂ ನಾನು ಹೇಳಲಿಲ್ಲ. ಹೇಳಿದರೆ ಅವರು ಮತ್ತೆ ಬರುತ್ತಿರಲಿಲ್ಲ. ಎಂಟು ಗಂಟೆಯ ಆ ಕೆಲಸದಲ್ಲಿ ನನ್ನನ್ನು ಮನುಷ್ಯಳ ಹಾಗೆ ಮಾತಾಡಿಸುತ್ತಿದ್ದವರು ಅವರೊಬ್ಬರೇ. ಕಾಯಿಲೆ ಇಲ್ಲ ಅಂತ ಅವರೇ ಅಂದಮೇಲೆ ನನಗೇನು ಅಂದುಕೊಂಡೆ. ಆ ಸುಳ್ಳನ್ನು ಅವರ ಕೈಯಿಂದ ತೆಗೆದುಕೊಂಡು, ಅವರ ಕೈಗೆ ಏಲಕ್ಕಿ ಟೀ ಕೊಟ್ಟೆ. ಅವರು ಹೋಗುವಾಗ ಎರಡು ಡಬ್ಬ ಕೊಂಡು, ಅಂಗಡಿಯ ಚೀಲದಲ್ಲಿ ಹಾಕದೆ ಕೊಡೆಯೊಳಗೆ ಇಳಿಸಿಕೊಂಡು ಹೋದರು. ಅದನ್ನೂ ನೋಡಿದೆ.

ಹೀಗೆ ಎರಡು ತಿಂಗಳು. ಆಮೇಲೆ ಒಂದು ಸೋಮವಾರ ಅವರು ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ, ಮುಂದಿನ ವಾರವೂ. ಹನ್ನೊಂದು ಗಂಟೆಯಾದರೆ ನನ್ನ ಕಣ್ಣು ಬಾಗಿಲ ಕಡೆಗೇ.

ಬಂದಾಗ ಮಗಳ ಜೊತೆ ಬಂದರು. ಎಡಗಾಲಿನ ಪಾದಕ್ಕೆ ಪೂರ್ತಿ ಬ್ಯಾಂಡೇಜು, ಕೊಡೆಯ ಬದಲು ನಾಲ್ಕು ಕಾಲಿನ ಕೋಲು. ಮಗಳು ನನ್ನದೇ ವಯಸ್ಸಿನವಳು. ಅವಳ ಕೈಯಲ್ಲೊಂದು ಬಟ್ಟೆ ಚೀಲ. ಅದನ್ನು ನನ್ನ ಮೇಜಿನ ಮೇಲೆ ಸುರಿದಳು. ಏಲಕ್ಕಿ ಟೀಯ ಡಬ್ಬಗಳು, ಕೆಲವು ಖಾಲಿ, ಕೆಲವು ಒಡೆದೇ ಇರಲಿಲ್ಲ.

"ಮಂಚದ ಕೆಳಗೆ ಸಿಕ್ಕಿದ್ದು. ಮಾತ್ರೆ ಕೊಟ್ರೂ ಶುಗರ್ ಯಾಕೆ ಇಳೀತಿಲ್ಲ ಅಂತ ಡಾಕ್ಟರ್ ತಲೆ ಕೆಡಿಸ್ಕೊಂಡಿದ್ರು. ಯಾರು ಕೊಟ್ಟಿದ್ದಪ್ಪ, ಇವ್ರೇನಾ?"

ಮುದುಕರು ನನ್ನ ಕಡೆ ನೋಡದೆ ಡಬ್ಬಗಳ ಕಡೆ ನೋಡುತ್ತಾ ಹೇಳಿದರು. "ಹೂಂ, ಈಯಮ್ಮನೇ. ಸಕ್ಕರೆ ಇಲ್ಲ ಅಂದ್ಲು. ಕುಡೀಬಹುದು ಅಂದ್ಲು. ಆ ಸಣ್ಣ ಅಕ್ಷರ ನಂಗೆಲ್ಲಿ ಕಾಣುತ್ತಮ್ಮ?"

ತುಟಿ ಅಲ್ಲಾಡಿಸುತ್ತಾ ಓದಿದ್ದಿರಲ್ಲ ಸಾರ್ ಅಂತ ಬಾಯಿಗೆ ಬಂತು. ಅವರ ಬ್ಯಾಂಡೇಜಿನ ತುದಿಯಲ್ಲಿ ಹಳದಿ ಕಲೆ ಕಾಣುತ್ತಿತ್ತು. ಆ ಕಲೆ ಎಂಥದ್ದು, ಅದರ ವಾಸನೆ ಎಂಥದ್ದು ಎಂದು ನನಗೆ ಗೊತ್ತು.

"ನಾನು ಇಲ್ಲ ಅನ್ನಲಿಲ್ಲ ಮೇಡಂ. ಹಾಕೋದೇ ಬೇಡ ಅಂದೆ" ಅಂದೆ. ಹೇಳುವಾಗಲೇ ಅದು ಎಷ್ಟು ಹೊಲಸು ಮಾತು ಅನ್ನಿಸಿತು.

"ಮಾತಲ್ಲಿ ಆಟ ಆಡ್ತೀರಾ? ನಿಮ್ಮಪ್ಪ ಆಗಿದ್ರೆ ಹೀಗೇ ಕುಡಿಸ್ತಿದ್ರಾ?"

ಅವಳಿಗೆ ನಮ್ಮಪ್ಪನ ವಿಷಯ ಏನೂ ಗೊತ್ತಿರಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದನ್ನು ಅಂದಳು. ನಾನು "ತಪ್ಪಾಯ್ತು" ಅಂದೆ. ಸುತ್ತ ಜನ ಸೇರಿದ್ದರು. ಒಬ್ಬ ಹುಡುಗಿ ಫೋನ್ ಎತ್ತಿ ಹಿಡಿದಿದ್ದಳು. ಮ್ಯಾನೇಜರ್ ಓಡಿಬಂದು, "ಇವ್ರು ನಮ್ಮ ಸ್ಟಾಫ್ ಅಲ್ಲ ಮೇಡಂ, ಕಂಪನಿಯವರು ಕಳ್ಸಿರೋದು" ಅಂದ. ಮಧ್ಯಾಹ್ನದ ಹೊತ್ತಿಗೆ ಕಂಪನಿಯಿಂದ ಫೋನ್ ಬಂತು. ಹಾಗೆ ಹೇಳಲು ನಿಮಗೆ ಯಾರು ಹೇಳಿಕೊಟ್ಟರು ಅಂತ ತರಬೇತಿ ಕೊಟ್ಟಾಕೆಯೇ ನನ್ನನ್ನು ಕೇಳಿದರು. ನಾಳೆಯಿಂದ ಬರೋದು ಬೇಡ ಅಂದರು. ಸ್ಟೂಲನ್ನು ಯಾರೋ ಗೋಡೌನಿಗೆ ಎತ್ತಿಕೊಂಡು ಹೋದರು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಏಪ್ರನ್ನು, ಟೋಪಿ ವಾಪಸು ಕೊಡಲು ಗಂಗಾನಗರಕ್ಕೆ ಹೋಗಿದ್ದೆ. ಕೊಟ್ಟು ಬರುವಾಗ, ಬಸ್ ಸ್ಟಾಪಿಗೆ ಹೋಗುವ ದಾರಿಯ ಸಣ್ಣ ಪಾರ್ಕಿನಲ್ಲಿ, ಕಲ್ಲುಬೆಂಚಿನ ಮೇಲೆ ಅವರು ಕೂತಿದ್ದರು. ನೋಡದ ಹಾಗೆ ಹೋಗಬಹುದಿತ್ತು. ಕಾಲು ತಾನಾಗಿಯೇ ಒಳಗೆ ನಡೆಯಿತು.

ನನ್ನನ್ನು ಕಂಡು ಅವರು ಗಾಬರಿಯಾಗಲಿಲ್ಲ. ಬೆಂಚಿನ ತುದಿಗೆ ಸರಿದು ಜಾಗ ಮಾಡಿದರು. ನಾನು ಕೂರಲಿಲ್ಲ.

"ಕಾಲು ಹೇಗಿದೆ ಸಾರ್?"

"ಎರಡು ಬೆರಳು ತೆಗೀಬೇಕು ಅಂತಾರೆ."

ಆಮೇಲೆ ಅವರೇ ಹೇಳಿದರು. "ನಂಗೆ ಗೊತ್ತಿತ್ತಮ್ಮ. ಮೊದಲ ಗುಟುಕಿಗೇ ಗೊತ್ತಾಯ್ತು. ನಾಲಿಗೆಗೆ ಸುಳ್ಳು ಹೇಳೋಕಾಗುತ್ತಾ? ಆದ್ರೆ ನೀನು ಅಂಗಂದ್ಯಲ್ಲ, ಹಾಕೋದೇ ಬೇಡ ಅಂತ, ಅದೊಂದು ನೆಪ ಸಿಕ್ತು."

"ಅಂಗಡೀಲಿ ಆ ಮಾತು ಹೇಳ್ಬಹುದಿತ್ತು ಸಾರ್. ನನ್ನ ಕೆಲಸ ಹೋಯ್ತು."

"ನಿಂಗೇನಮ್ಮ, ಗಟ್ಟಿ ಕೈಕಾಲಿದೆ, ಇನ್ನೊಂದು ಕೆಲಸ ಸಿಗುತ್ತೆ. ನಾನು ಮಗಳ ಮನೇಲಿರೋನು. ಬೇಕು ಅಂತಲೇ ಕುಡಿದೆ ಅಂತ ಗೊತ್ತಾದ್ರೆ ಅವ್ಳು ನನ್ನ ಗಾಯ ತೊಳೀತಾಳಾ?"

ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ. ಲೆಕ್ಕಾಚಾರ ಹಾಕಿ, ಕಡತ ಮುಚ್ಚಿ ಆಚೆ ಸರಿಸಿದವರ ದನಿ ಅದು. ನನಗೆ ಸಿಟ್ಟು ಬಂತು. ಜೊತೆಗೆ ಇನ್ನೊಂದೂ ಬಂತು.

"ನಂಗೂ ಗೊತ್ತಿತ್ತು ಸಾರ್, ನಿಮಗೆ ಕಾಯಿಲೆ ಇದೆ ಅಂತ. ಚಪ್ಪಲಿ ನೋಡಿದ ದಿನವೇ. ನಮ್ಮಪ್ಪನೂ ಇದರಲ್ಲೇ ಹೋದ್ರು. ಗೊತ್ತಿದ್ದೂ ಕೊಟ್ಟೆ."

ಅವರು ತಲೆ ಎತ್ತಿ ನನ್ನನ್ನು ದಿಟ್ಟಿಸಿ ನೋಡಿದರು. ಅಲ್ಲಿಯವರೆಗೂ ನಾನು ಏನೂ ಅರಿಯದವಳು, ತಾವು ಒಬ್ಬ ಅಮಾಯಕಳಿಗೆ ಮೋಸ ಮಾಡಿದೆವು ಅಂತಲೇ ನಂಬಿಕೊಂಡಿದ್ದರು ಅಂತ ಕಾಣುತ್ತದೆ. ಅದಕ್ಕೇ ಜಾಗ ಬಿಟ್ಟು ಕೊಟ್ಟಿದ್ದರೇನೋ.

"ಗೊತ್ತಿದ್ದೂ ಕೊಟ್ಯಾ?" ಅಂದರು, ಮೆಲ್ಲಗೆ. "ನೀನು ಎಂಥ ಹೆಂಗಸಮ್ಮ?"

ಅಷ್ಟರಲ್ಲಿ ಗೇಟಿನ ಹತ್ತಿರ ಮಗಳು ಕಾಣಿಸಿದಳು. ಅವರು ಕೋಲಿಗೆ ಕೈ ಹಾಕಿ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಮುಖವನ್ನು ಆ ಕಡೆ ತಿರುಗಿಸಿಕೊಂಡರು. ನಾನು ಇನ್ನೊಂದು ಗೇಟಿನಿಂದ ಹೊರಗೆ ಬಂದೆ.

ಈಗ ಅಲ್ಲಾಳಸಂದ್ರದ ಒಂದು ಶಾಲೆಯ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಕೆಲಸ ಮಾಡುತ್ತೇನೆ. ಅವರ ಬೆರಳು ತೆಗೆದರೋ, ಕಾಲು ಉಳಿಯಿತೋ ತಿಳಿಯದು. ವಿಚಾರಿಸಲು ಒಂದೆರಡು ಸಲ ಗಂಗಾನಗರದ ಬಸ್ಸು ಹತ್ತಿ ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟಿದ್ದೇನೆ. ಅವರು ನನ್ನ ಮೇಲೆ ಸುಳ್ಳು ಹೊರಿಸಿದ್ದನ್ನು ನಾನು ಇನ್ನೂ ಕ್ಷಮಿಸಿಲ್ಲ. ಆದರೆ ಕೊನೆಯಲ್ಲಿ ಅವರು ಕೇಳಿದ ಪ್ರಶ್ನೆ ಸುಳ್ಳಲ್ಲ.