ಸೀಲು ಒಡೆದ ಬಾಟಲಿ

ಮೈಯ ಕೊಳೆಗೆ ನೀರನ್ನೂ ಮನಸ್ಸಿನ ಕೊಳೆಗೆ ದೀರ್ಘ ಆಯುಷ್ಯವನ್ನೂ ಕರುಣಿಸಿದ ಗದಗಿನ ವೀರನಾರಾಯಣನಿಗೆ ಮೊದಲ ವಂದನೆ. ಕೆಲವು ಕಲೆಗಳು ಒಂದು ದಿನದಲ್ಲಿ ಹೋಗುವಂಥವಲ್ಲ. ಅವನ್ನು ತಿಕ್ಕಿಕೊಳ್ಳಲು ಇಷ್ಟು ವರ್ಷ ಉಳಿಸಿದ್ದಕ್ಕೆ ಅವನಿಗೆ ನಾನು ಋಣಿ.

ಮೊನ್ನೆ ಬಚ್ಚಲಮನೆಯ ಮಾಡದಲ್ಲಿ ಅಂಟವಾಳದ ಡಬ್ಬಿ ಹುಡುಕುತ್ತಿದ್ದೆ. ಅದರ ಹಿಂದಿನಿಂದ ಬಿಳಿಯ ಪ್ಲಾಸ್ಟಿಕ್ ಬಾಟಲಿಯೊಂದು ಕೈಗೆ ಬಂತು. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ಯಾವ ವಾಸನೆಯೂ ಇಲ್ಲ... ವಾಸನೆ ಇಲ್ಲದಿರುವುದೇ ಅದರ ಗುರುತಾಗಿತ್ತು. ಬಾಟಲಿಗೆ ಅಂಟಿಸಿದ್ದ ಕಾಗದದ ಪಟ್ಟಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಕಣ್ಣಿಗೆ ಬ್ಯಾಡ’ ಎಂದು ಬರೆದಿತ್ತು. ಆ ಕೈಬರಹ ಕಂಡೊಡನೆ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಬರೆದವರು ಬೆಟಗೇರಿಯ ನಮ್ಮ ಓಣಿಯ ತುದಿಯಲ್ಲಿ ಅಂಗಡಿ ಇಟ್ಟಿದ್ದ ಮುಸಲ್ಮಾನ ಹಿರಿಯರು. ಅತ್ತರು, ಊದಿನಕಡ್ಡಿ, ಸಾಬೂನು, ಶಾಂಪೂ ಮಾರುತ್ತಿದ್ದರು. ನನ್ನ ಪೂಜೆಯ ಊದಿನಕಡ್ಡಿ ಮೂವತ್ತು ವರ್ಷ ಅವರ ಅಂಗಡಿಯಿಂದಲೇ ಬರುತ್ತಿತ್ತು. ಅವರು ನನ್ನನ್ನು ‘ಆಚಾರ್ರ’ ಎಂದೂ ನನ್ನ ಹೆಂಡತಿಯನ್ನು ‘ಅಕ್ಕಾರ’ ಎಂದೂ ಕರೆಯುತ್ತಿದ್ದರು. ಇಷ್ಟಿದ್ದರೂ ನಾನು ಅವರನ್ನು ಸಂಪೂರ್ಣವಾಗಿ ನಂಬಿದ್ದೆನೆಂದು ಹೇಳಲಾರೆ. ಹಳೆಯ ಕೈಬರಹದ ಪೋಥಿಗಳನ್ನು ತಿದ್ದಿ ತಿದ್ದಿ, ಎಲ್ಲೆಲ್ಲೂ ಅಪಪಾಠವನ್ನೇ, ತಪ್ಪನ್ನೇ ಹುಡುಕುವ ಕಣ್ಣು ನನ್ನದು.

ನಮ್ಮ ಮೆಟ್ಟಿಲ ಮೇಲೆ ಮಲಗುತ್ತಿದ್ದ ಕೆಂಪು ಹೆಣ್ಣುನಾಯಿಯೊಂದಿತ್ತು. ನನ್ನ ಹೆಂಡತಿ ದಿನಾಲು ಅದಕ್ಕೆ ಜೋಳದ ಭಕ್ಕರಿ ಹಾಕುತ್ತಿದ್ದಳು. ನಾನು ಮಡಿಯಲ್ಲಿದ್ದಾಗ ಅದು ತಾನಾಗಿಯೇ ದೂರ ಸರಿಯುತ್ತಿತ್ತು. ಆರೇಳು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ ಅದು ತಲೆಯಿಂದ ಬಾಲದವರೆಗೆ ಕಪ್ಪಾಗಿ ಬಂದು ನಿಂತಿತು. ಅದಕ್ಕೆ ಕಜ್ಜಿ ಹತ್ತಿತ್ತು. ಲಕ್ಷ್ಮೇಶ್ವರ ರಸ್ತೆಯ ಗ್ಯಾರೇಜಿನಲ್ಲಿ ಯಾರೋ ಔಷಧವೆಂದು ತಿಳಿದು ಇಂಜಿನ್ನಿನ ಸುಟ್ಟ ಎಣ್ಣೆಯನ್ನು ಅದರ ಮೈಗೆಲ್ಲ ಬಳಿದಿದ್ದರು.

“ನೆಕ್ಕಿಕೊಳ್ಳಿಕ್ಕೆ ಹತ್ತ್ಯದ ನೋಡ್ರಿ! ಹೊಟ್ಟಿಯೊಳಗ ಹೋದ್ರ ಸಾಯ್ತದ. ಜಲ್ದಿ ಹೋಗಿ ಏನರ ತರ್ರಿ” ಎಂದು ಹೆಂಡತಿ ಕೂಗಿದಳು.

ನಾನು ಅಂಗಡಿಗೆ ಹೋಗಿ, ಇದ್ದುದರಲ್ಲೇ ಬಹಳ ಪರಿಮಳದ, ಬಹಳ ಬಿರುಸಿನ ಶಾಂಪೂ ಕೇಳಿದೆ. ಯಾರಿಗೆಂದು ಅವರು ಕೇಳಿದರು. ನಾಯಿಗೆ ಎಂದೆ. ಕಪಾಟಿಗೆ ಹೋಗಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

“ಇದನ್ನ ಕೊಡಂಗಿಲ್ರಿ ಆಚಾರ್ರ.”

“ಅಲ್ಲೇ ಅದ ಅಲ್ರಿ? ಕೊಡಲಿಕ್ಕೇನು?”

“ಐತ್ರಿ. ಮನಶ್ಯಾರಿಗೆ ಐತಿ. ಘಮಾ ಘಮಾ ವಾಸನಿ ಇದ್ದಷ್ಟೂ ನಾಯಿ ಚರ್ಮಕ್ಕ ಉರಿ. ಮೊದಲ ಕಜ್ಜಿ ಆಗಿ ಹಸೀ ಐತಿ ಅದು. ಸದ್ಯ ಕಡ್ಲಿಹಿಟ್ಟು ಉದರಿಸಿ, ಹಳೀ ಅರಿವಿಲೆ ಎಣ್ಣಿ ಒರಸ್ರಿ. ಕುತ್ತಿಗಿಗೆ ರಟ್ಟು ಕಟ್ಟ್ರಿ, ನೆಕ್ಕಬಾರ್ದು. ಗದಗಿನ್ಯಾಗ ದನದ ಔಷಧದ ಅಂಗಡ್ಯಾಗ ನಾಯಿದ ಬ್ಯಾರೆ ಸಿಗತೈತಿ. ನಾನ ತರ್ತೀನಿ.”

ಮಾರುವವನು ಮಾರಲಾರೆ ಎಂದರೆ ಕೇಳುವವನ ಮನಸ್ಸು ಸುಮ್ಮನಿರುತ್ತದೆಯೇ? ದಾರಿಯುದ್ದಕ್ಕೂ ಯೋಚಿಸಿದೆ. ಈ ನಾಯಿ ತಮ್ಮ ಅಂಗಡಿಯ ಮುಂದೆ ಸುಳಿದರೆ ಕೋಲು ಬಡಿದು ಓಡಿಸುತ್ತಿದ್ದವರು ಇವರೇ. ನಾಯಿಯ ಜೊಲ್ಲು ಇವರಿಗೆ ಮೈಲಿಗೆ. ಅಂಥವರಿಗೆ ಒಮ್ಮೆಲೇ ಇಷ್ಟು ಕರುಣೆ ಎಲ್ಲಿಂದ ಬಂತು?

ಮರುದಿನ ಬೆಳಿಗ್ಗೆ ಅವರೇ ಬಾಟಲಿ ತಂದುಕೊಟ್ಟರು. ನಾನು ಪೂಜೆಗೆ ಕುಳಿತಿದ್ದೆ. ಹೆಂಡತಿ ಇಸಿದುಕೊಂಡಳು. ಪೂಜೆ ಮುಗಿಸಿ ಭೂತಗನ್ನಡಿ ಹಿಡಿದು ಅದರ ಮೈಮೇಲಿನ ಸಣ್ಣ ಅಕ್ಷರಗಳನ್ನೆಲ್ಲ ಓದಿದೆ. ಪರಿಮಳ ಸೇರಿಸಿಲ್ಲ, ನಾಯಿಗಳಿಗೆ ಮಾತ್ರ, ಎಂದೆಲ್ಲ ಇತ್ತು. ಎಲ್ಲವೂ ಸರಿ. ಆದರೆ ಮುಚ್ಚಳದ ಸೀಲು ಒಡೆದಿತ್ತು. ಒಳಗೆ ತುಸು ಕಡಿಮೆಯೂ ಆಗಿತ್ತು.

“ಇದನ್ನ ಹಚ್ಚಬ್ಯಾಡ” ಎಂದೆ. “ಇದರಾಗ ಏನರ ಕೂಡಿಸ್ಯಾರ.”

“ಏನು ಕೂಡಿಸ್ತಾರ್ರಿ ಅವರು?”

“ಅದನ್ನ ನಾನು ಶೋಧ ಮಾಡ್ತೀನಿ.”

“ನಿಮ್ಮ ಸಂಶೇ ತೊಳಿಯೋ ಶಾಂಪೂ ಯಾವ ಅಂಗಡ್ಯಾಗ ಸಿಗ್ತದೋ, ಅದನ್ನ ಮೊದಲ ಶೋಧ ಮಾಡ್ರಿ” ಎಂದು ಗೊಣಗುತ್ತ ಅವಳು ಮತ್ತೆ ಕಡಲೆಹಿಟ್ಟು ಹಿಡಿದು ಹಿತ್ತಲಿಗೆ ಹೋದಳು. ನಾನು ಬಾಟಲಿಯನ್ನು ಮಾಡದಲ್ಲಿ, ಅಂಟವಾಳದ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ಮಧ್ಯಾಹ್ನ ಮಾಳಿಗೆಯ ಕಿಟಕಿಯಿಂದ ಹಿತ್ತಲತ್ತ ನೋಡಿದೆ. ಅಂಗಡಿಯವರು ಹಿಂಬಾಗಿಲಿನಿಂದ ಒಳಗೆ ಬಂದು, ಕಟ್ಟಿಹಾಕಿದ್ದ ನಾಯಿಯ ಎದುರು ಕುಕ್ಕರಗಾಲಿನಲ್ಲಿ ಕುಳಿತಿದ್ದರು. ಅದರ ಕಿವಿಯ ಹಿಂದಿನ ಕೂದಲು ಸರಿಸಿ ಏನನ್ನೋ ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು. ಆಮೇಲೆ ಎದ್ದು ಓಣಿಯ ನಳಕ್ಕೆ ಹೋದರು. ನೆಲದ ಮಣ್ಣು ತೆಗೆದುಕೊಂಡು ಕೈಗೆ ಉಜ್ಜಿದರು, ತೊಳೆದರು. ಮತ್ತೆ ಮಣ್ಣು, ಮತ್ತೆ ನೀರು. ಹೀಗೆ ಎಷ್ಟೋ ಸಲ... ಬರೀ ಧೂಳು ತಾಗಿದ ಕೈಯನ್ನು ಯಾರು ಹಾಗೆ ತೊಳೆಯುತ್ತಾರೆ? ವಿಷ ಮುಟ್ಟಿದವನೇ ಹಾಗೆ ತೊಳೆಯಬೇಕು ಎಂದು ನಿಶ್ಚಯಿಸಿದೆ.

ಇಳಿಹೊತ್ತಿಗೆ ನಾಯಿ ಎರಡು ಸಲ ವಾಂತಿ ಮಾಡಿಕೊಂಡಿತು. ಕತ್ತಿಗೆ ಕಟ್ಟಿದ್ದ ರಟ್ಟನ್ನು ಯಾವಾಗಲೋ ಹರಿದುಹಾಕಿತ್ತು. ಅದನ್ನು ನಾನು ಗಮನಿಸಲೇ ಇಲ್ಲ. ನನಗೆ ಬೇಕಾಗಿದ್ದ ಸಾಕ್ಷಿ ಸಿಕ್ಕಿತ್ತು. ಹೆಗಲ ಮೇಲೆ ಶಲ್ಯ ಹಾಕಿಕೊಂಡು ಅಂಗಡಿಗೆ ನಡೆದೆ. ನಾಲ್ಕು ಮಂದಿ ಗಿರಾಕಿಗಳಿದ್ದರು. ಅವರೆದುರಿಗೇ ಕೇಳಿದೆ: “ನಾಯಿಗೆ ಏನು ಹಚ್ಚೀರಿ? ಖರೇ ಹೇಳ್ರಿ. ಅದು ಸಾಯಲಿಕ್ಕೆ ಹತ್ತ್ಯದ.”

ಅವರು ಗಾಬರಿಯಾಗಿ ಎದ್ದು ನಿಂತರು. ನನ್ನ ಆರೋಪ ಅವರಿಗೆ ಮುಟ್ಟಿದಂತೆಯೇ ಕಾಣಲಿಲ್ಲ.

“ಬಾಟ್ಲಿ ಮುಂಜಾನೆನ ಕೊಟ್ಟಿದ್ನೆಲ್ರಿ? ಇನ್ನೂ ತೊಳದಿಲ್ಲೇನ್ರಿ?”

“ಅದರ ಸೀಲು ಒಡದಿತ್ತಲ್ರಿ” ಎಂದೆ. ಅವರು ತೋಳು ಮೇಲೇರಿಸಿ ಮುಂಗೈಯ ಒಳಭಾಗವನ್ನು ತೋರಿಸಿದರು.

“ನಿನ್ನೆ ಸಂಜಿಗೆ ಸೀಲ್ ಒಡದು ಮೊದಲ ನನ್ನ ಕೈಗೆ ಹಚ್ಚಿ ಮಕ್ಕೊಂಡೆ. ಉರೀಲಿಲ್ಲ. ಆದ್ರ ನನ್ನ ಚರ್ಮ ಬ್ಯಾರೆ, ಅದರದು ಬ್ಯಾರೆ. ಅದಕ್ಕ ಬಾಟ್ಲಿ ಕೊಡಾಕ ಬಂದಾಗ ಕಿವಿ ಹಿಂದ ಒಂಚೂರು ಹಚ್ಚಿ ಹೋಗಿದ್ದೆ. ಮಧ್ಯಾನ್ದಾಗ ಬಂದು ನೋಡಿದೆ, ಕೆಂಪಗಾಗಿದ್ದಿಲ್ಲ, ಇನ್ನ ತೊಳೀತೀರಿ ಅಂತ ಹೋದೆ. ಹಿಂದಕ್ಕ ಬೆಳ್ಳಟ್ಟಿ ಊರಿನವರೊಬ್ಬರು ನಾಯಿಗಂತ ಕೇಳಿದಾಗ ನಾನ ಘಮಾ ಅನ್ನೂದು ಕೊಟ್ಟಿದ್ದೆ. ಪಾಪ, ಅದರ ಚರ್ಮ ಸುಲದು ಹೋತು. ಅವತ್ತಿಂದ ಹಚ್ಚಿ ನೋಡದ ಕೊಡಂಗಿಲ್ರಿ.”

“ಮತ್ತ ಮಣ್ಣು ಹಚ್ಚಿ ಕೈ...” ಎಂದು ತೊದಲಿದೆ.

ಅವರು ನಕ್ಕರು. “ನಾಯಿ ಮುಟ್ಟಿದ ಕೈಲೆ ನಮಾಜಿಗೆ ಹ್ಯಾಂಗ ನಿಂದ್ರಲ್ರಿ? ಮಡೀ ಉಡೂ ಮಂದಿಗೆ ನಾ ಹೇಳಬೇಕೇನ್ರಿ ಇದನ್ನ?”

ಮೃತ್ತಿಕೆಯಿಂದ ಕೈ ಶುದ್ಧಿ ಮಾಡಿಕೊಳ್ಳುವ ಕ್ರಮವನ್ನು ಶಿಷ್ಯರಿಗೆ ಶ್ಲೋಕಸಹಿತ ಪಾಠ ಹೇಳಿದವನು ನಾನು. ಎಷ್ಟು ಸಲ ಮಣ್ಣು, ಎಷ್ಟು ಸಲ ನೀರು ಎಂಬ ಲೆಕ್ಕವೂ ಕಂಠಪಾಠ. ನನ್ನದೇ ಶಾಸ್ತ್ರ ಇನ್ನೊಬ್ಬರ ಕೈಯಲ್ಲಿ ಕಂಡಾಗ ಅದನ್ನು ವಿಷವೆಂದು ಓದಿಕೊಂಡಿದ್ದೆ.

ಅಂಗಡಿಯ ಬಾಗಿಲೆಳೆದು ಅವರು ನನ್ನ ಹಿಂದೆಯೇ ಬಂದರು. ನಾನು ಬಾಟಲಿ ತೆಗೆದುಕೊಟ್ಟೆ. ಹೆಂಡತಿ ನಾಯಿಗೆ ಉಗುರುಬೆಚ್ಚಗಿನ ನೀರು ಹಾಕಿದಳು. ಮಡಿಯ ಮುದುಕ ಈ ಕಡೆ, ನಮಾಜಿನ ಮುದುಕ ಆ ಕಡೆ, ಇಬ್ಬರೂ ಮಾರು ದೂರ ನಿಂತು ಹೇಳುವವರೇ.

“ಕಣ್ಣು ತಪ್ಪಸ್ರಿ ಅಕ್ಕಾರ.”

“ಹೊಟ್ಟಿ ಕೆಳಗ ಉಳದದ ನೋಡು.”

“ಇಬ್ಬರೂ ದೂರ ನಿಂತು ಮಂತ್ರಾ ಹೇಳ್ರಿ, ಛಲೋ ಆಗ್ತದ” ಎಂದಳು ಅವಳು. “ಒಂದು ಕೈ ಹಿಡದ್ರ ನಿಮ್ಮ ಸ್ವರ್ಗ ಏನು ಓಡಿ ಹೋಗ್ತದ?”

ನಡುಗುತ್ತಿದ್ದ ನಾಯಿ ಹಗ್ಗ ಜಗ್ಗತೊಡಗಿತು. ಯಾರು ಮೊದಲು ಮುಂದೆ ಬಂದೆವೋ ನೆನಪಿಲ್ಲ... ತಲೆಯನ್ನು ಅವರು ಹಿಡಿದರು, ಹಿಂಗಾಲನ್ನು ನಾನು ಹಿಡಿದೆ. ಮೂರು ಸಲ ನೊರೆ ತೆಗೆದ ಮೇಲೆ ಕರಿನೀರು ಬರುವುದು ನಿಂತಿತು. ಅಲ್ಲಿಂದ ನೇರ ದನದ ದವಾಖಾನೆಗೆ ಒಯ್ದೆವು. ಹಿಂದಿನ ದಿನವೇ ಒಯ್ಯಬೇಕಿತ್ತು ಎಂದು ಡಾಕ್ಟರರು ಗದರಿದರು. ಅವರು ನೋಡಿದ್ದು ಅಂಗಡಿಯವರ ಮುಖವನ್ನು. ಅಂಗಡಿಯವರು ತಲೆ ತಗ್ಗಿಸಿ “ಹೌದ್ರಿ, ತಪ್ಪಾತು” ಎಂದರು. ನನ್ನ ಹೆಸರು ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೊರಗೆ ಬಂದು ಇಬ್ಬರೂ ಒಂದೇ ನಳದ ಕೆಳಗೆ ಮಣ್ಣಿನಿಂದ ಕೈ ತೊಳೆದುಕೊಂಡೆವು.

ನಾಯಿ ಬದುಕಿತು. ಕೆಂಪು ಕೂದಲು ಮತ್ತೆ ಬಂತು. ಇನ್ನೂ ನಾಲ್ಕು ವರ್ಷ ನಮ್ಮ ಮೆಟ್ಟಿಲ ಮೇಲೆ ಮಲಗಿ, ಒಂದು ಬೆಳಿಗ್ಗೆ ಏಳಲಿಲ್ಲ.

ಕ್ಷಮೆ ಕೇಳಬೇಕಿತ್ತು. ಪ್ರತಿ ಸಲ ಊದಿನಕಡ್ಡಿ ಕೊಳ್ಳುವಾಗಲೂ ಇವತ್ತು ಕೇಳೋಣ ಎಂದುಕೊಳ್ಳುತ್ತಿದ್ದೆ. ಎದುರಿಗೆ ಗಿರಾಕಿಗಳಿರುತ್ತಿದ್ದರು. ಆರೋಪ ಮಾಡುವಾಗ ಅಡ್ಡಿಯಾಗದ ಗಿರಾಕಿಗಳು ಕ್ಷಮೆಗೆ ಅಡ್ಡಿಯಾದರು... ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಕೇಳಿ ಹೋದಾಗ ಮಣ್ಣು ಕೊಟ್ಟು ಮುಗಿದಿತ್ತು. ಈಗ ಅಲ್ಲಿ ಮೊಬೈಲಿನ ಅಂಗಡಿ ಇದೆ.

ಬಾಟಲಿಯ ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಒಂದು ಹನಿಯನ್ನು ಮುಂಗೈಯ ಒಳಭಾಗಕ್ಕೆ ಹಚ್ಚಿಕೊಂಡು ಬಹಳ ಹೊತ್ತು ಕುಳಿತೆ. ಉರಿಯಲಿಲ್ಲ.

ಪರರ ನಾಯಿಗೆಂದು ಮೊದಲು ತನ್ನ ಚರ್ಮವನ್ನೊಡ್ಡಿದ ಆ ಹಿರಿಯರಿಗೆ ಅವರು ನಂಬಿದ ದೇವರ ಸನ್ನಿಧಿ ದೊರೆಯಲಿ. ಬೈಯುತ್ತಲೇ ತೊಳೆದ ನನ್ನ ಹೆಂಡತಿಯ ಕೈಗಳು ತಂಪಾಗಿರಲಿ. ತಪ್ಪು ವ್ಯಕ್ತಿಯನ್ನು ಗದರಿದ ಡಾಕ್ಟರರಿಗೂ, ಔಷಧವೆಂದೇ ನಂಬಿ ಎಣ್ಣೆ ಬಳಿದ ಆ ಅಜ್ಞಾತನಿಗೂ ಒಳಿತಾಗಲಿ. ಎಲ್ಲರನ್ನೂ ಒಂದೇ ಸಮ ನಂಬಿದ ಆ ಕೆಂಪು ಜೀವಕ್ಕೆ ಸದ್ಗತಿಯಾಗಲಿ.